ಸುನೈನಾ ಕೊಟ್ಟ ಜೋಡೆತ್ತು

ತೊಗರಿ ಬ್ಯಾಳಿ ಡಬ್ಬಿಯಲ್ಲಿ ರೊಕ್ಕ ಇರುತ್ತದೆ ಅಂತ ಇಂದುಬಾಯಿ ಯಾರಿಗೂ ಹೇಳಿರಲಿಲ್ಲ. ಹೇಳುವ ಗರಜೂ ಇರಲಿಲ್ಲ, ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಿಂದಗಿಯ ಆ ಮನೆಯಲ್ಲಿ ಅದನ್ನು ಗುಟ್ಟು ಅಂತ ತಿಳಿದಿದ್ದಾಕೆ ಇಂದುಬಾಯಿ ಒಬ್ಬಾಕೆಯೇ.

ಸಂಶಯ ಆಕೆಯ ಹುಟ್ಟುಗುಣ. ಹಾಲಿನವನು ಹಾಲು ಹಾಕಿದರೆ ಬೆರಳು ಅದ್ದಿ ನೋಡಬೇಕು. ಗಿರಣಿಯಿಂದ ಹಿಟ್ಟು ಬಂದರೆ ಮೂಸಿ ನೋಡಿ, "ಇದು ನಮ್ಮ ಜ್ವಾಳ ಅಲ್ಲ, ಬದ್ಲಿ ಮಾಡ್ಯಾರ" ಅನ್ನಬೇಕು. ಒಮ್ಮೆ ಗುಡಿಯಲ್ಲಿ ಒಡೆಸಿದ ಕಾಯಿಯ ಎರಡು ಹೋಳೂ ಒಂದೇ ಕಾಯಿಯವು ಹೌದೋ ಅಲ್ಲೋ ಅಂತ ಪೂಜಾರಿಯ ಎದುರಿಗೇ ಜೋಡಿಸಿ ನೋಡಿದ್ದಳು ಪುಣ್ಯಾತ್ಗಿತ್ತಿ! ಪೂಜಾರಿ ಅಂದಿನಿಂದ ಆಕೆ ಬಂದರೆ ಕಾಯಿಯನ್ನೇ ಮುಟ್ಟುತ್ತಿರಲಿಲ್ಲ, ನೀವೇ ಒಡ್ಕೊಳ್ರಿ ಬಾಯಾರ ಅಂತ ಕೈಗೆ ಕೊಡುತ್ತಿದ್ದ.

ಇಂಥಾಕೆಯ ಡಬ್ಬಿಯಲ್ಲಿ ರೊಕ್ಕ ಕಡಿಮೆ ಬಿದ್ದರೆ ಹೇಗಾಗಬೇಡ?

ಮೊದಲ ಸಲ ಕಡಿಮೆ ಬಿದ್ದಾಗ ತನ್ನದೇ ಎಣಿಕೆ ತಪ್ಪಿರಬೇಕು ಅಂತ ಸುಮ್ಮನಾದಳು. ಎರಡನೆಯ ಸಲ ಬ್ಯಾಳಿಯನ್ನೆಲ್ಲ ಮೊರಕ್ಕೆ ಸುರಿದು ಹುಡುಕಿದಳು. ಮೂರನೆಯ ಸಲ ಹುಡುಕಲಿಲ್ಲ. ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು, ಒಳಗೆ ರೊಟ್ಟಿ ಬಡಿಯುತ್ತಿದ್ದ ಸೊಸೆಯ ಬೆನ್ನನ್ನು ನೋಡುತ್ತ ಉಳಿದಳು.

ಸೊಸೆ ರಾಜೇಶ್ವರಿ ಯಂಕಂಚಿಯ ಹುಡುಗಿ. ಬಿಕಾಂ ಕಲಿತಾಕೆ. ಮದುವೆಯಾಗಿ ಎರಡು ವರ್ಷ. ಇಂದುಬಾಯಿಯ ಮಗ ಕಲ್ಮೇಶನದು ಬಸ್ ಸ್ಟ್ಯಾಂಡಿನ ಹಿಂದೆ ಮೋಟಾರು, ಪೈಪಿನ ಅಂಗಡಿ. ಅಂಗಡಿಯ ಬಿಲ್ಲು ಬರೆಯಲಿಕ್ಕೆ ಅಂತ ಅವನು ಕಂಪ್ಯೂಟರು ತಂದ. ಅಂಗಡಿಯಲ್ಲಿ ಧೂಳು, ಕರೆಂಟಿನ ಕಾಟ, ಹೀಗಾಗಿ ಅದು ಮನೆಯ ಪಡಸಾಲೆಗೆ ಬಂತು. ರಾಜೇಶ್ವರಿ ಮಧ್ಯಾಹ್ನ ಭಾಂಡೆ ತಿಕ್ಕಿ ಮುಗಿಸಿ ಕೂತು ಲೆಕ್ಕ ಹಾಕುತ್ತಿದ್ದಳು. ಉಳಿದ ಹೊತ್ತೆಲ್ಲ ಆ ಕಂಪ್ಯೂಟರಿನ ಎದುರು ಮಾವ ಶಂಕರೆಪ್ಪ.

ಶಂಕರೆಪ್ಪ ಆಲಮಟ್ಟಿಯ ಆಣೆಕಟ್ಟಿನ ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆಗಿ ರಿಟೈರ್ ಆದವನು. ನೌಕರಿ ಇದ್ದಾಗ ಬೀದಿಗೆ ಬಂದರೆ ನಾಲ್ಕು ಮಂದಿ ಎದ್ದು ನಿಲ್ಲುತ್ತಿದ್ದರು. ರಿಟೈರ್ ಆಗಿ ಸಿಂದಗಿಗೆ ಬಂದ ಮೇಲೆ ನಾಯಿ ಕೂಡ ಏಳುವುದು ಬಿಟ್ಟಿತು. ಪೇಪರು ಓದಿದ, ಹಿತ್ತಲಲ್ಲಿ ಬದನೆಕಾಯಿ ಬೆಳೆದ, ಮಗನ ಅಂಗಡಿಗೆ ಹೋಗಿ ಗಿರಾಕಿಗಳಿಗೆ ಕಾಯದೆ ಹೇಳಿದ. "ಅಪ್ಪಾ, ನೀ ಮನ್ಯಾಗ ಆರಾಮ ಇರಪಾ" ಅಂತ ಮಗ ಕೈಮುಗಿದು ಕಳಿಸಿದ. ಆಗ ರಾಜೇಶ್ವರಿಯೇ ಪಾಪ ಅಂತ ಮಾವನಿಗೆ ಮೌಸು ಹಿಡಿಯಲಿಕ್ಕೆ ಕಲಿಸಿದಳು. ಅದೇ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ಟಿನ ಒಂದು ಆಟ ಅವನಿಗೆ ಸಿಕ್ಕಿತು, ಊರು ಕಟ್ಟುವ ಆಟ. ಬಾವಿ ತೋಡು, ಹೊಲ ಉಳು, ಕಾಳಿನ ಹಗೇವು ತುಂಬು. ಊರು ದೊಡ್ಡದಾದರೆ ಪರದೆಯ ಮೇಲೆ ಒಂದು ರುಮಾಲು ಬಂದು ನಿಮ್ಮ ಹೆಸರಿನ ಮೇಲೆ ಕೂಡುತ್ತದೆ, ನೀವು ಗೌಡ.

ಇಂದುಬಾಯಿ ಮೊದಲ ದಿನವೇ ಕೇಳಿದ್ದಳು:

"ಇದಕ್ಕ ರೊಕ್ಕ ಎಷ್ಟು?"

"ಪುಕ್ಕಟ ಐತಿ."

"ಪುಕ್ಕಟ? ಯಾರ ಕೊಡತಾರ ಪುಕ್ಕಟ?"

"ಕಂಪನ್ಯಾವರು."

"ಹಂಗಾರ ಅವರ ಹೊಟ್ಟಿ ಹೆಂಗ ನಡೀತೈತಿ?"

ಶಂಕರೆಪ್ಪ ನಕ್ಕುಬಿಟ್ಟ. "ನಿನಗ ದೇವ್ರು ಬಂದು ಪ್ರಸಾದ ಕೊಟ್ರೂ ಸಂಶೆ."

ನೋಡ್ರಿ, ಕೇಳಬೇಕಾದ ಮಾತನ್ನು ಮೊದಲ ದಿನವೇ ಕೇಳಿದ ಹೆಂಗಸು ಉತ್ತರ ಬರುವತನಕ ನಿಲ್ಲಲಿಲ್ಲ. ಒಲೆಯ ಮೇಲೆ ಹಾಲಿತ್ತು, ಓಡಿದಳು. ಆಮೇಲೆ ಗಂಡ ಕಿರಿಕಿರಿ ಮಾಡದೆ ಒಂದು ಕಡೆ ಕೂತಿರುತ್ತಾನಲ್ಲ ಅಂತ ಆಕೆಗೂ ಹಾಯೆನಿಸಿತು.

ರೊಕ್ಕ ಹೋಗುತ್ತಿದ್ದಾಗ ಗಂಡನ ಮೇಲೆ ಆಕೆಯ ಕಣ್ಣು ಬೀಳಲೇ ಇಲ್ಲ. ಪೆನ್ಷನ್ ಬಂದ ದಿನ ಎಣಿಸದೆ ತಂದು ಕೈಗೆ ಹಾಕುವ ಮನುಷ್ಯ. ತಾನು ಕೊಟ್ಟ ರೊಕ್ಕವನ್ನು ತಾನೇ ಯಾರಾದರೂ ಕದಿಯುತ್ತಾರೆಯೇ? ಮಗನಿಗೆ ಅಂಗಡಿಯ ಗಲ್ಲೆಯೇ ಇದೆ. ಉಳಿದಾಕೆ ಯಾರು? ಹೊರಗಿನಿಂದ ಬಂದಾಕೆ.

ಒಮ್ಮೆ ಸಂಶಯ ಹೊಕ್ಕಿತೆಂದರೆ ಎಲ್ಲವೂ ಸಾಕ್ಷಿಯೇ. ರಾಜೇಶ್ವರಿ ಹಿತ್ತಲಲ್ಲಿ ನಿಂತು ಫೋನಿನಲ್ಲಿ ಅಣ್ಣನ ಜೊತೆ ಮಾತಾಡಿದರೆ ಸಾಕ್ಷಿ. ಸಂತೆಯಿಂದ ತಂದ ಮೆಂತೆ ಸಿವುಡು ಸಣ್ಣದಿದ್ದರೆ ಸಾಕ್ಷಿ.

"ಇಷ್ಟ ಮೆಂತ್ಯಾಕ ಎಷ್ಟ ಕೊಟ್ಟಿ?"

"ಐದು ರೂಪಾಯ್ರಿ ಅತ್ತಿ."

"ಐದು! ಆಜೂಬಾಜೂದವರು ಮೂರಕ್ಕ ತಂದಾರ."

"ಹಂಗಾರ ನಾಳಿಂದ ಅವರನ್ನಽ ಸಂತಿಗಿ ಕಳಿಸ್ರಿ," ಅಂತ ರಾಜೇಶ್ವರಿ ನಕ್ಕಳು. ಆ ನಗೆಯೂ ಇಂದುಬಾಯಿಗೆ ಸರಿ ಕಾಣಲಿಲ್ಲ. ತಪ್ಪಿಲ್ಲದವರು ಇಷ್ಟು ಆರಾಮ ನಗುತ್ತಾರೆಯೇ?

ಅಷ್ಟರಲ್ಲಿ ಯಂಕಂಚಿಯಿಂದ ರಾಜೇಶ್ವರಿಯ ಅಣ್ಣ ಸೋಮನಿಂಗ ತಂಗಿಯನ್ನು ನೋಡಲಿಕ್ಕೆ ಬಂದ. ಬಸ್ಸಿಗೆ ಬರಲಿಲ್ಲ, ಮೋಟಾರ್ ಸೈಕಲ್ಲಿನ ಮೇಲೆ ಬಂದ. ಹಳೆಯದೇ ಗಾಡಿ, ಬಣ್ಣ ಹೊಸದು. ಇಂದುಬಾಯಿ ಅವನಿಗೆ ಚಹಾ ಕೊಟ್ಟಳು, ಚೂಡಾ ಕೊಟ್ಟಳು, ಗಾಡಿಯನ್ನು ಎರಡು ಸುತ್ತು ಹಾಕಿ ನೋಡಿ, "ಚಲೋ ಐತಿ ಬಿಡಪಾ ಗಾಡಿ" ಅಂದಳು. ಆತ ಹೋದ ಮೇಲೆ ಮನಸ್ಸಿನಲ್ಲಿ ಗಂಟು ಹಾಕಿಬಿಟ್ಟಳು. ಬ್ಯಾಳಿ ಡಬ್ಬಿಯ ರೊಕ್ಕಕ್ಕೆ ಗಾಲಿ ಬಂದಿವೆ.

ಇಂಡಿಯಲ್ಲಿ ತಂಗಿಯ ಮೊಮ್ಮಗನ ತೊಟ್ಟಿಲ ಕಾರ್ಯ ಬಂತು. ಹೋಗುವ ಮುಂಜಾನೆ ಇಂದುಬಾಯಿ ನೋಟುಗಳನ್ನು ಡಬ್ಬಿಯ ತಳಕ್ಕೆ ಇಟ್ಟು, ಮೇಲೆ ಬ್ಯಾಳಿ ಹರವಿ, ಬ್ಯಾಳಿಯ ಮೇಲೆ ತನ್ನ ಬಳೆ ಒತ್ತಿ ದುಂಡಗೆ ಗುರುತು ಮಾಡಿದಳು. ಸಂಜೆ ಬಂದಾಕೆ ಕಾಲು ಕೂಡ ತೊಳೆಯಲಿಲ್ಲ, ನೇರ ಅಡಿಗೆಮನೆಗೆ ಹೋದಳು. ಗುರುತು ಇಲ್ಲ. ನೂರರ ನೋಟು ಒಂದು ಇಲ್ಲ. ಕಲ್ಮೇಶ ಸಾಮಾನು ತರಲಿಕ್ಕೆ ಬಿಜಾಪುರಕ್ಕೆ ಹೋಗಿದ್ದ. ಮನೆಯಲ್ಲಿ ಇದ್ದವರು ಮಾವ, ಸೊಸೆ ಇಬ್ಬರೇ.

ಆ ರಾತ್ರಿ ಕಲ್ಮೇಶ ಬಂದ ಮೇಲೆ ಎಲ್ಲರೂ ಊಟಕ್ಕೆ ಕೂತಾಗ ರಾಜೇಶ್ವರಿ ಎಣ್ಣೆಗಾಯಿ ಬಡಿಸುತ್ತಿದ್ದಳು.

"ರಾಜೇಶ್ವರಿ, ನಿಮ್ಮ ಅಣ್ಣ ಗಾಡಿಗಿ ಎಷ್ಟು ಕೊಟ್ಟ?"

"ಗೊತ್ತಿಲ್ರಿ ಅತ್ತಿ. ಯಾಕ್ರಿ?"

"ನಿನಗ ಗೊತ್ತಿರಾಕಬೇಕು. ಅದರಾಗ ನಮ್ಮ ಬ್ಯಾಳಿ ಡಬ್ಬ್ಯಾಗಿನ ರೊಕ್ಕನೂ ಹೋಗೈತಿ."

ಬಡಿಸುವ ಕೈ ನಿಂತಿತು. ರಾಜೇಶ್ವರಿ ಅತ್ತೆಯನ್ನು ನೋಡಲಿಲ್ಲ, ಗಂಡನನ್ನು ನೋಡಲಿಲ್ಲ, ಮಾವನನ್ನು ನೋಡಿದಳು. ಶಂಕರೆಪ್ಪ ರೊಟ್ಟಿಯ ಅಂಚು ಮುರಿಯುತ್ತಿದ್ದವನು ತಾಟಿನಿಂದ ತಲೆ ಎತ್ತಲಿಲ್ಲ. ಅಯ್ಯ, ಮಾವನ ಮರೆ ಹೊಗಲಿಕ್ಕೆ ನೋಡ್ತಾಳ ಅಂದುಕೊಂಡಳು ಇಂದುಬಾಯಿ.

"ಮಾವಾರ, ನೀವಽ ಹೇಳ್ರಿ," ಅಂದಳು ರಾಜೇಶ್ವರಿ.

"ಆತು ಬಿಡ್ರಿ," ಅಂದ ಶಂಕರೆಪ್ಪ. "ಮನಿ ಮಾತು ಮನ್ಯಾಗ ಇರ್ಲಿ. ಇನ್ ಮ್ಯಾಲೆ ಹಿಂಗ ಆಗಬಾರ್ದು, ಅಷ್ಟ."

"ಯಾರಿಗಿ ಹೇಳಾಕತ್ತೀರಿ ಇದನ್ನ? ಇನ್ ಮ್ಯಾಲೆ ಆಗಬಾರ್ದು ಅಂತ ಯಾರಿಗಿ?" ಅಂದಳು ರಾಜೇಶ್ವರಿ.

ಶಂಕರೆಪ್ಪ ಎದ್ದು ಕೈ ತೊಳೆಯಲಿಕ್ಕೆ ಹೋದ. ತಾಟಿನಲ್ಲಿ ಅರ್ಧ ರೊಟ್ಟಿ ಹಾಗೇ ಇತ್ತು.

"ಅವ್ವಾ, ಎಣಸೂದ್ರಾಗ ನೀ ಏನರೆ ತಪ್ಪೀಯೇನು?" ಅಂದ ಕಲ್ಮೇಶ.

ಇಂದುಬಾಯಿ ಬಾಯಿ ತೆರೆಯುವ ಮೊದಲೇ ರಾಜೇಶ್ವರಿ ಗಂಡನ ಕಡೆ ತಿರುಗಿದಳು. "ಅವ್ವ ತಪ್ಪ್ಯಾಳೇನು ಅಂತ ಕೇಳಿದ್ರಿ. ನನ್ನ ಹೇಣ್ತಿ ತಗೊಂಡಿಲ್ಲ ಅಂತ ಒಂದ ಮಾತು ನಿಮ್ಮ ಬಾಯಾಗ ಬರ್ಲಿಲ್ಲ."

"ಹಂಗಲ್ಲ..."

"ಹಂಗಽ."

ತಂಗಿಯ ಫೋನು ಹೋಗಿ ಮರುದಿನ ಸೋಮನಿಂಗ ಬಂದ. ಚಹಾ ಕುಡಿಯಲಿಲ್ಲ, ಗಾಡಿಯಿಂದ ಇಳಿಯಲೂ ಇಲ್ಲ. "ಅತ್ತಿ, ಈ ಗಾಡಿ ನಮ್ಮ ತೊಗರಿ ಮಾರಿದ ರೊಕ್ಕದ್ದು. ಸಂಶೆ ಇದ್ರ ಅಡತಿ ಅಂಗಡ್ಯಾಗ ಕೇಳ್ರಿ," ಅಂದ. ರಾಜೇಶ್ವರಿ ಬ್ಯಾಗು ಹಿಡಿದು ಹೊರಗೆ ಬಂದಳು. ಅತ್ತೆಯ ಕಾಲು ಮುಟ್ಟಿದಳು. ಮಾವನ ಕಾಲು ಮುಟ್ಟಲಿಲ್ಲ. ಇಂದುಬಾಯಿಗೆ ಇದೊಂದು ಬಗೆಹರಿಯಲಿಲ್ಲ. ಕಳ್ಳಿ ಅಂದ ತನ್ನ ಕಾಲು ಮುಟ್ಟುತ್ತಾಳೆ, ಹೋಗಲಿ ಬಿಡು ಅಂದವರ ಕಾಲು ಮುಟ್ಟುವುದಿಲ್ಲ! ಎಂಥಾ ಸೊಕ್ಕಿರಬೇಕು!

ಸೊಸೆ ಹೋದ ಮೇಲೆ ಮನೆಯಲ್ಲಿ ರೊಟ್ಟಿ ಬಡಿಯುವ ಕೆಲಸ ಇಂದುಬಾಯಿಯ ಕೈಗೇ ಬಂತು. ಭುಜ ನೋಯುತ್ತಿತ್ತು. ಕಲ್ಮೇಶ ಉಂಡರೆ ಉಂಡ, ಇಲ್ಲದಿದ್ದರೆ ಇಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ. ಅಂಗಡಿಯ ಲೆಕ್ಕ ಹಾಕುವವರಿಲ್ಲದೆ ಬಿಲ್ಲಿನ ಚೀಟಿಗಳು ಟೀವಿಯ ಮೇಲೆ ಗುಡ್ಡೆ ಬಿದ್ದವು. ಶಂಕರೆಪ್ಪ ಮಾತ್ರ ಕಂಪ್ಯೂಟರಿನ ಎದುರು ಕೂತು ಪರದೆಯಲ್ಲಿ ಹೊಲ ಉಳುತ್ತಿದ್ದ. ಆದರೂ ಇಂದುಬಾಯಿ ಗಟ್ಟಿ ಹೆಂಗಸು, ಇರಲಿ, ರೊಕ್ಕ ಉಳಿದರೆ ಸಾಕು ಅಂದುಕೊಂಡಳು.

ರೊಕ್ಕ ಉಳಿಯಲಿಲ್ಲ!

ಮುಂದಿನ ವಾರ ಡಬ್ಬಿಗೆ ಕೈ ಹಾಕಿದರೆ ಮತ್ತೆ ಕಡಿಮೆ. ಕಳ್ಳಿ ಯಂಕಂಚಿಯಲ್ಲಿ, ಕಳವು ಸಿಂದಗಿಯಲ್ಲಿ. ಇಂದುಬಾಯಿ ಡಬ್ಬಿಯ ಮುಚ್ಚಳ ಹಾಕಿದಳು. ಯಾರಿಗೂ ಹೇಳಲಿಲ್ಲ. ಹೇಗೆ ಹೇಳಬೇಕು? ಹೇಳಿದರೆ ಮಗ ಏನು ಕೇಳುತ್ತಾನೆ ಅಂತ ಗೊತ್ತಿತ್ತು. ರೊಕ್ಕವನ್ನು ಜೋಳದ ಚೀಲಕ್ಕೆ ಬದಲಿಸಿ, ಅದರ ಮೇಲೆ ತಾನೇ ಕಾವಲು ಕೂತಂತೆ ಕೂತಳು.

ಸೊಸೆ ಇಲ್ಲದ್ದರಿಂದ ಅರಿವೆ ಒಗೆಯುವುದೂ ಆಕೆಗೇ ಬಂದಿತ್ತು. ಗಂಡನ ಅಂಗಿಯನ್ನು ನೀರಿಗೆ ಹಾಕುವ ಮೊದಲು ಕಿಸೆಗೆ ಕೈ ಹಾಕಿದಳು. ಸಣ್ಣ ಸಣ್ಣ ಕಾರ್ಡು ಕೈಗೆ ಬಂದವು, ಒಂದು ಹಿಡಿ ತುಂಬ. ಎಲ್ಲದರ ಮೇಲೂ ಬೆಳ್ಳಿ ಬಣ್ಣ ಉಜ್ಜಿ ತೆಗೆದು ಒಳಗಿನ ನಂಬರು ಓದಿದ ಗುರುತು. ಫೋನಿಗೆ ರೊಕ್ಕ ತುಂಬುವ ಕಾರ್ಡು ಅಂತ ಆಕೆಗೂ ಗೊತ್ತಾಯಿತು.

ಕೈ ಒರೆಸಿಕೊಂಡವಳೇ ಓಣಿಯ ಮೂಲೆಯ ಗೈಬುಸಾಬನ ಫೋನಿನ ಅಂಗಡಿಗೆ ಹೋಗಿ ಕಾರ್ಡನ್ನೆಲ್ಲ ಗಾಜಿನ ಮೇಲೆ ಸುರಿದಳು.

"ಗೈಬುಸಾಬ, ಇವು ನಿನ್ನಲ್ಲಿವೇನಪಾ?"

"ನಮ್ಮಲ್ಲಿವಽರಿ ಬಾಯಾರ. ಸಾಹೇಬ್ರು ನಮ್ಮ ದೊಡ್ಡ ಗಿರಾಕಿ. ನಾ ಅನ್ಕೊಂಡಿದ್ದೆ, ಮಗಳು ಫಾರಿನ್‌ದಾಗ ಅದಾಳ, ದಿನಾ ಫೋನ್ ಹಚ್ಚತಾರ ಅಂತ."

"ನಮಗ ಮಗಳಽ ಇಲ್ಲ."

ಗೈಬುಸಾಬ ಅರಿವೆ ತಗೊಂಡು ಗಾಜು ಒರೆಸತೊಡಗಿದ. ಅದನ್ನು ನೋಡಿ ಇಂದುಬಾಯಿಯ ಸಂಶಯ ಹೊತ್ತಿಕೊಂಡಿತು. ಮಗಳಿಲ್ಲದ ಗಂಡಸು ದಿನಾ ಇಷ್ಟು ಫೋನ್ ಯಾರಿಗೆ ಹಚ್ಚುತ್ತಾನೆ? ಆಲಮಟ್ಟಿಯಲ್ಲಿ ಎಷ್ಟೋ ವರ್ಷ ಒಬ್ಬನೇ ಕ್ವಾರ್ಟರ್ಸಿನಲ್ಲಿ ಇದ್ದವನು. ಅಯ್ಯೋ ಶಿವನೇ, ಈ ವಯಸ್ಸಿನಲ್ಲಿ!

ಮನೆಗೆ ಬಂದರೆ ಪರದೆಯ ಮೇಲೆ ಒಬ್ಬ ಹೆಂಗಸು. ಕೆಂಪು ಸೀರೆ, ಮೂಗುತಿ, ಹುಬ್ಬು ಕುಣಿಸುತ್ತ ನಗುತ್ತಿದ್ದಾಳೆ. ಎದುರು ಕೂತ ಶಂಕರೆಪ್ಪನೂ ನಗುತ್ತಿದ್ದಾನೆ.

"ಯಾರಕಿ?"

ಶಂಕರೆಪ್ಪ ಬೆಚ್ಚಿ ತಿರುಗಿದ. "ಯಾರು? ಇಕಿ? ಸುನೈನಾ."

"ಎಲ್ಲ್ಯಾಕಿ?"

"ನಾಗಪುರದಾಕಿ."

"ನಾಗಪುರ!" ಇಂದುಬಾಯಿ ನೆಲಕ್ಕೆ ಕೂತುಬಿಟ್ಟಳು. "ಆಲಮಟ್ಟಿ ಅಂತ ಮಾಡಿದ್ದೆ, ನಾಗಪುರತನಕ ಹೋಗೀರಿ? ಇಕಿಗ್ಯಾ ನೀವು ದಿನಾ ಫೋನ್ ಹಚ್ಚೂದು?" ಕಾರ್ಡುಗಳನ್ನು ಅವನ ಮಡಿಲಿಗೆ ಎಸೆದಳು.

"ಏ, ಹುಚ್ಚೀ, ಹಂಗಲ್ಲ. ಇಕಿ ಆಟದಾಕಿ. ಬಾಜೂ ಊರಿನ ಗೌಡ್ತಿ. ನನಗ ಜೋಡೆತ್ತು ಕೊಟ್ಟಾಳ."

"ಎಲ್ಲಿ ಅದಾವ ಎತ್ತು?"

ಶಂಕರೆಪ್ಪ ಪರದೆಯ ಮೂಲೆಯನ್ನು ಬೆರಳಿನಿಂದ ತೋರಿಸಿದ. ಹೆಸರುಕಾಳಿನಷ್ಟು ದೊಡ್ಡ ಎರಡು ಬಿಳಿ ಎತ್ತು ತಲೆ ಅಲ್ಲಾಡಿಸುತ್ತ ನಿಂತಿದ್ದವು.

ಆಮೇಲೆ ಎಲ್ಲ ಒಂದೊಂದಾಗಿ ಹೊರಗೆ ಬಂತು. ಆ ಆಟದಲ್ಲಿ ಬಾಜೂ ಊರಿನವರು ಉಡುಗೊರೆ ಕಳಿಸುತ್ತಾರೆ. ತಿರುಗಿ ಕೊಡದಿದ್ದರೆ ಅವರ ಮುಖ ಸಣ್ಣಗಾಗುತ್ತದೆ, ನಿಮ್ಮ ಊರ ಅಗಸಿ ಬಾಗಿಲಿಗೆ ಕೆಂಪು ನಿಶಾನಿ ಬೀಳುತ್ತದೆ. ಕೊಡಬೇಕೆಂದರೆ ಹರಳು ಬೇಕು. ಹರಳು ಪುಕ್ಕಟೆಯೂ ಸಿಗುತ್ತವೆ, ಆದರೆ ವಾರಗಟ್ಟಲೆ ಕಾಯಬೇಕು. ಫೋನಿನಿಂದ ಒಂದು ಮೆಸೇಜು ಕಳಿಸಿದರೆ ಫೋನಿನ ರೊಕ್ಕ ಹೋಗುತ್ತದೆ, ಹರಳು ಕಣ್ಣು ಪಿಳುಕಿಸುವುದರೊಳಗೆ ಬರುತ್ತವೆ.

"ಹರಳು ಹಾಕಿದಾಂವ ಮುಂದ, ಹಾಕದಾಂವ ಹಿಂದ," ಅಂದ ಶಂಕರೆಪ್ಪ. "ಪುಣೆದಾಂವ ಒಬ್ಬ ಮೊನ್ನೆ ಸುರು ಮಾಡ್ಯಾನ, ನನ್ನ ದಾಟಿ ಗೌಡ ಆಗಿ ಕುಂತಾನ."

"ನಿಮಗಿಂತ ಶ್ಯಾಣ್ಯಾ ಇದ್ದಾನೇನು ಅಂವಾ?"

"ಎಲ್ಲಿ ಶ್ಯಾಣ್ಯಾ? ರೊಕ್ಕ ಚೆಲ್ಯಾನ."

"ಅಂವಾ ಚೆಲ್ಲಿದ್ರ ನೀವೂ ಚೆಲ್ಲಬೇಕೇನು? ಎತ್ತು ಕೊಟ್ಲಂತ, ಇವರು ತಿರುಗಿ ಕೊಟ್ರಂತ! ಯಾರ ಕೇಳಿದ್ರು ನಿಮ್ಮನ್ನ?"

ಶಂಕರೆಪ್ಪನಿಗೂ ಸಿಟ್ಟು ಬಂತು. "ನೀನಽ ಅಲ್ಲೇನು ಕಲಿಸಿದಾಕಿ? ನಿಡಗುಂದಿಯ ನಮ್ಮ ಬಳಗದವರು ಕಲ್ಮೇಶನ ಮದವ್ಯಾಗ ಇಳಕಲ್ ಸೀರಿ ಆಯೇರಿ ಮಾಡಿದ್ರು. ಅವರ ಮನಿ ಕಾರ್ಯಕ್ಕ ಕುಬಸದ ಖಣ ಒಯ್ದ್ರ ಸಾಕು ಅಂದೆ ನಾನು. ನೀ ಏನಂದಿ? ಸೀರಿ ಉಟ್ಟು ಖಣ ಕೊಟ್ರ ಮಂದಿ ಮಾರಿ ಮ್ಯಾಲೆ ಉಗುಳತಾರ, ತೊಗೊಂಡದ್ದಕ್ಕ ಒಂದ ಕೈ ಹೆಚ್ಚಽ ಕೊಡಬೇಕು ಅಂದಿ. ಅಕಿ ಜೋಡೆತ್ತು ಕೊಟ್ಟಾಳ. ನಾ ಹುಲ್ಲಿನ ಸಿವುಡು ಕೊಟ್ಟು ಕುಂದ್ರಲ್ಯಾ? ನಾ ಕೊಟ್ಟೆ, ಅಕಿ ಅದಕ್ಕಿಂತ ದೊಡ್ಡದು ಕೊಟ್ಲು. ಮತ್ತ ನಾ ಕೊಡಬೇಕಾತು."

ಇಂದುಬಾಯಿ ನೆನೆಸಿಕೊಂಡಳು. ಹೌದಲ್ಲ, ಆ ಮಾತು ತನ್ನದೇ! ಸುಡುಗಾಡು ಕಂಪನಿಯವರಿಗೆ ತನ್ನ ಮಾತು ಹೇಗೆ ಗೊತ್ತಾಯಿತು? ಆಮೇಲೆ ನಿಧಾನಕ್ಕೆ ಇನ್ನೊಂದು ವಿಚಾರ ತಲೆಗೆ ಬಂತು.

"ಡಬ್ಬ್ಯಾಗಿನ ರೊಕ್ಕ?"

ಶಂಕರೆಪ್ಪ ಮೌಸಿನ ಮೇಲಿನ ಕೈ ತೆಗೆದ.

"ರಾಜೇಶ್ವರಿಗಿ ಗೊತ್ತಿತ್ತೇನು?"

"ಅರಿವಿ ಒಗ್ಯೂ ಮುಂದ ಅಕೀಗೂ ಕಾರ್ಡು ಸಿಕ್ಕಿದ್ವು. ತಂದು ನನ್ನ ಮುಂದ ಇಟ್ಲು. ಮಾವಾರ, ಅತ್ತಿಗಿ ನೀವಽ ಹೇಳಿಬಿಡ್ರಿ, ನಾ ಹೇಳಿದ್ರ ಚಂದ ಕಾಣೂದಿಲ್ಲ ಅಂದ್ಲು."

"ನೀವು ಏನಂದ್ರಿ?"

"ಹೇಳ್ತೇನಿ ಅಂದಿದ್ದೆ."

ಊಟಕ್ಕೆ ಕೂತಾಗ ರಾಜೇಶ್ವರಿ ಮಾವನನ್ನು ನೋಡಿದ ನೋಟ ಇಂದುಬಾಯಿಯ ಕಣ್ಣಿಗೆ ಕಟ್ಟಿತು. ತಾನು ಏನು ತಿಳಿದಿದ್ದಳು ಅದನ್ನು, ಏನಿತ್ತು ಅದು!

ಕಲ್ಮೇಶ ಊಟಕ್ಕೆ ಬಂದಾಗ ಇಬ್ಬರೂ ಹಾಗೇ ಕೂತಿದ್ದರು. ತಾಯಿ ಎಲ್ಲವನ್ನೂ ಹೇಳಿದಳು, ಗಂಡನ ಮುಂದೆಯೇ ಹೇಳಿದಳು. ಕಲ್ಮೇಶ ಕೇಳಿ ಮುಗಿಸಿ ಖುರ್ಚಿ ಎಳೆದುಕೊಂಡು ಕಂಪ್ಯೂಟರಿನ ಎದುರು ಕೂತ.

"ಏನ್ ಮಾಡ್ತೀ?" ಅಂದ ಶಂಕರೆಪ್ಪ. "ನನ್ನ ಊರು ಅಳಸಬ್ಯಾಡಪಾ."

"ನಿನ್ನ ಊರು ಮುಟ್ಟೂದಿಲ್ಲ. ಹೊಸಾ ಊರು ಸುರು ಮಾಡ್ತೇನಿ. ಅವ್ವನ ಹೆಸರ್ಲೆ."

ಪರದೆಯ ಮೇಲೆ ಬರಿದಾದ ಒಂದು ನೆಲ ಬಂತು. ನಾಲ್ಕು ಕಲ್ಲು, ಒಂದು ಜಾಲಿಗಿಡ. ಮೇಲೆ ಇಂಗ್ಲಿಷಿನಲ್ಲಿ ಇಂದುಬಾಯಿ ಅಂತ ಹೆಸರು. ಕಲ್ಮೇಶ ಕೈಕಟ್ಟಿ ಕೂತ. ಹತ್ತು ಮಾತು ಆಡುವಷ್ಟು ಹೊತ್ತೂ ಆಗಲಿಲ್ಲ, ಟಿಣ್ ಅಂತ ಸಪ್ಪಳವಾಯಿತು. ಕೆಂಪು ಸೀರೆಯಾಕೆ ಹುಬ್ಬು ಕುಣಿಸುತ್ತ ಬಂದಳು. ಹಿಂದೆ ಎರಡು ಬಿಳಿ ಎತ್ತು. ಕಲ್ಮೇಶ ಅದರ ಕೆಳಗಿನ ಇಂಗ್ಲಿಷನ್ನು ಓದಿ ಹೇಳಿದ:

"ನಿಮ್ಮ ಊರು ಭಾಳ ಚಂದ ಕಟ್ಟೀರಿ. ನನ್ನ ಕಡಿಂದ ಪ್ರೀತಿಯ ಕಾಣಿಕಿ. ಸುನೈನಾ, ನಾಗಪುರ."

"ಊರಽ ಇಲ್ಲಲ್ಲೋ ಇನ್ನ," ಅಂದಳು ಇಂದುಬಾಯಿ. "ನಾಲ್ಕ ಕಲ್ಲು ಅದಾವ. ಚಂದ ಎಲ್ಲಿಂದ ಕಂಡ್ಲು?"

"ಅಪ್ಪಾ, ನಿನಗ ಬಂದ ಮಾತೂ ಇದಽ ಏನು?"

ಶಂಕರೆಪ್ಪ ಬಗ್ಗಿ ಓದಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. "ಇದಽ," ಅಂದ. "ಅಕ್ಷರಕ್ಷರ ಇದಽ."

"ಅಕಿ ಮನಷ್ಯಾಳಽ ಅಲ್ಲಪಾ. ಕಂಪನ್ಯಾವರು ಮಾಡಿಟ್ಟ ಗೊಂಬಿ. ಯಾರ ಆಟ ಸುರು ಮಾಡಿದ್ರೂ ಎತ್ತು ಹೊಡಕೊಂಡು ಬರ್ತಾಳ. ಪುಣೆದಾಂವನೂ ಮನಷ್ಯಾ ಹೌದೋ ಅಲ್ಲೋ, ಯಾರಿಗಿ ಗೊತ್ತು?"

"ಹಂಗಾರ ನಾ ಇಷ್ಟ ದಿನ ಕೊಟ್ಟದ್ದು ಯಾರಿಗಿ?"

ಶಂಕರೆಪ್ಪ ಖುರ್ಚಿಯಲ್ಲಿ ಕುಗ್ಗಿ ಕೂತ. ಪಾಪ ಅನಿಸಬೇಕು, ಆದರೆ ಕಲ್ಮೇಶನಿಗೆ ಅನಿಸಲಿಲ್ಲ. "ಗೊಂಬಿ ಮಾರಿ ಸಣ್ಣ ಮಾಡ್ಕೊಂಡ್ರ ನಿನಗ ತಡೀಲಿಲ್ಲ," ಅಂದ. "ನನ್ನ ಹೇಣ್ತಿ ನಿನ್ನ ಕಣ್ಣಮುಂದ ಕಳ್ಳಿ ಅನಿಸ್ಕೊಂಡ್ಲು, ರೊಟ್ಟಿ ಮುರಕೋತ ಕುಂತಿದ್ದಿ." ಇಷ್ಟು ಹೇಳಿ ಅವನೂ ತಲೆ ತಗ್ಗಿಸಿದ. ಅವನೇನು ಅಂದು ಹೆಂಡತಿಯ ಪರ ಬಾಯಿ ತೆರೆದಿದ್ದನೇ?

"ಏಳ್ರಿ, ಯಂಕಂಚಿಗಿ ಹೋಗೂಣು," ಅಂದಳು ಇಂದುಬಾಯಿ ಗಂಡನಿಗೆ.

"ನಾ ಹೆಂಗ ಬರ್ಲಿ? ಬೀಗರ ಮನ್ಯಾಗ ಮಾರಿ ಹೆಂಗ ತೋರಿಸ್ಲಿ? ನೀವಽ ಹೋಗಿ ಕರಕೊಂಡು ಬರ್ರಿ."

ತಾಯಿ, ಮಗ ಇಬ್ಬರೇ ಹೋದರು. ಯಂಕಂಚಿಯ ಮನೆಯಲ್ಲಿ ರಾಜೇಶ್ವರಿ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಎದ್ದು ನೀರು ಕೊಟ್ಟಳು, ಚಾಪೆ ಹಾಸಿದಳು. ಇಂದುಬಾಯಿ ಕೂಡದೆ ನಿಂತೇ ಹೇಳಿಬಿಟ್ಟಳು: "ತಪ್ಪಾತವಾ. ನಮ್ಮವರಽ ತಗೊಂಡಿದ್ರು. ನಾ ನಿನ್ನ ಮ್ಯಾಲೆ ಹಾಕ್ದೆ. ಮನಿಗಿ ನಡಿ."

"ಮಾವಾರು ಬಂದಿಲ್ಲೇನ್ರಿ?"

"ಅವರಿ‌ಗಿ ನಾಚಿಕಿ ಆಗೈತವಾ."

"ನನಗ ಆಗಿಲ್ಲೇನ್ರಿ ಅತ್ತಿ?" ಅಂದಳು ರಾಜೇಶ್ವರಿ. ದನಿ ಏರಿಸಲಿಲ್ಲ. "ಈ ಊರಾಗ ನೀರಿಗಿ ಹೋದ್ರ ಮಂದಿ ಕೇಳ್ತಾರ, ಯಾಕ ಬಂದೀಯವಾ ಅಂತ. ಏನ್ ಹೇಳ್ಲಿ? ಮಾವಾರು ಬರ್ಲಿ. ಅವರ ಬಾಯಿಲೆ ಹೇಳ್ಲಿ."

ಕಲ್ಮೇಶ ತಾಯಿಯ ಮುಖ ನೋಡಿದ. ಇಂದುಬಾಯಿ ಚಪ್ಪಲಿ ಬಿಟ್ಟು ಒಳಗೆ ಹೋದಳು, ಸೆರಗು ಸಿಕ್ಕಿಸಿಕೊಂಡಳು. "ನೀ ಹೋಗಪಾ ಕಲ್ಮೇಶ," ಅಂದಳು. "ನಿಮ್ಮಪ್ಪಗ ಹೇಳು. ಅಂವಾ ಬರೂತನಾ ನಾನೂ ಇಲ್ಲೇ ಇರ್ತೇನಿ. ಆ ನಾಗಪುರದಾಕಿ ರೊಟ್ಟಿ ಮಾಡಿ ಹಾಕ್ಲಿ ಅವಗ."

ಬೀಗರ ಮನೆಯಲ್ಲಿ ಅತ್ತೆ ಬಂದು ಠಿಕಾಣಿ ಹೂಡಿದ್ದನ್ನು ಯಂಕಂಚಿಯವರು ಎಂದೂ ಕಂಡಿರಲಿಲ್ಲ. ಇಂದುಬಾಯಿ ಅವರ ಮನೆಯ ರೊಟ್ಟಿ ಬಡಿದಳು, ದನದ ಸಗಣಿ ಬಳಿದಳು, ಸೊಸೆಯ ಜೊತೆ ಕೂತು ಶೇಂಗಾ ಸುಲಿದಳು. ಇಬ್ಬರ ನಡುವೆ ಬೇಕಾದಷ್ಟೇ ಮಾತು. ಉಪ್ಪು ಕೊಡು, ತಗೋರಿ, ಅಷ್ಟೇ. ಬಾಗಿಲಿಗೆ ಬಂದ ಹೆಂಗಸರಿಗೆ ಮಾತ್ರ ಇಂದುಬಾಯಿ ತಾನಾಗಿ ಹೇಳುತ್ತಿದ್ದಳು: "ನಮ್ಮ ಸೊಸೀದು ಏನೂ ತಪ್ಪಿಲ್ಲವಾ. ತಪ್ಪು ನಮ್ಮದು."

ಸಿಂದಗಿಯಲ್ಲಿ ಅಪ್ಪ, ಮಗ ಇಬ್ಬರೂ ಖಾನಾವಳಿಯ ಊಟ ತರಿಸಿ ಉಂಡರು. ಇದು ಎಷ್ಟು ದಿನ ನಡೆಯುತ್ತದೆ? ಒಂದು ಮಧ್ಯಾಹ್ನ ಶಂಕರೆಪ್ಪ ಬಸ್ಸು ಇಳಿದು, ಕಲ್ಮೇಶನ ಹಿಂದೆ ನಡೆದು ಬಂದ. ಸೋಮನಿಂಗ ಎದ್ದು ನಿಂತ. ರಾಜೇಶ್ವರಿಯ ತಾಯಿ ಬಾಗಿಲ ಹಿಂದೆ ಸರಿದಳು. ಕೂಡ್ರಿ ಅಂದರೂ ಶಂಕರೆಪ್ಪ ಕೂಡಲಿಲ್ಲ.

"ಕುಂದ್ರೂ ಮೊದ್ಲ ಹೇಳಿಬಿಡ್ತೇನಿ ಸೋಮನಿಂಗ. ಡಬ್ಬ್ಯಾಗಿನ ರೊಕ್ಕ ತಗೊಂಡಾಂವ ನಾನು. ನಿನ್ನ ತಂಗಿ ಮ್ಯಾಲೆ ಬಂದಾಗ ಬಾಯಿ ಮುಚಕೊಂಡು ಕುಂತಾಂವನೂ ನಾನು. ಹೇಳ್ತೇನಿ ಅಂತ ಅಕೀಗಿ ಮಾತು ಕೊಟ್ಟಿದ್ದೆ. ಹೇಳ್ಲಿಲ್ಲ. ಹೆದರಿದೆ."

ರಾಜೇಶ್ವರಿ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಮಾವನ ಎದುರು ಇಟ್ಟಳು. "ಕಾಲ ತೊಳಕೋರಿ ಮಾವಾರ," ಅಂದಳು. ಕಲ್ಮೇಶ ದೊಡ್ಡ ಉಸಿರು ಬಿಟ್ಟ. ಇನ್ನೇನು, ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು.

ರಾಜೇಶ್ವರಿ ಅತ್ತೆಯ ಕಡೆ ತಿರುಗಿದಳು.

"ಅತ್ತಿ, ಒಂದು ಕೇಳ್ತೇನಿ. ನಾಳೆ ಡಬ್ಬ್ಯಾಗ ಮತ್ತ ರೊಕ್ಕ ಕಡಿಮಿ ಬಿತ್ತು ಅಂತ ತಿಳೀರಿ. ಮೊದ್ಲ ಯಾರ ಮಾರಿ ನೋಡ್ತೀರಿ?"

ಎಷ್ಟು ಸಸಾರದ ಪ್ರಶ್ನೆ! ಇವರ ಮಾರಿ ನೋಡ್ತೇನಿ ಅಂತ ಗಂಡನ ಕಡೆ ಕೈ ಮಾಡಿದರೆ ಮುಗಿಯಿತು, ಎಲ್ಲರೂ ನಕ್ಕುಬಿಡುತ್ತಾರೆ. ಇಂದುಬಾಯಿ ಬಾಯಿ ತೆರೆದಳು. ಡಬ್ಬಿಯನ್ನು ನೆನೆದಳು, ಕಡಿಮೆ ಬಿದ್ದ ನೋಟನ್ನು ನೆನೆದಳು, ಹೊಸ್ತಿಲ ಮೇಲೆ ಕೂತ ತನ್ನನ್ನು ನೆನೆದಳು. ಕಣ್ಣು ಎತ್ತ ಹೋಗುತ್ತದೆ ಅಂತ ಆಕೆಗೆ ಗೊತ್ತಾಯಿತು.

"ನಿನ್ನ ಮಾರಿನಽ ನೋಡ್ತೇನಿ ಯವ್ವಾ," ಅಂದಳು.

"ಅವ್ವಾ!" ಅಂದ ಕಲ್ಮೇಶ.

"ಸುಮ್ನಿರೋ. ಸುಳ್ಳ ಹೇಳಿ ಕರಕೊಂಡು ಹೋಗ್ಲ್ಯಾ ಅಕೀನ್ನ? ನನಗ ಗೊತ್ತೈತಿ, ನನ್ನ ಕಣ್ಣು ಮೊದ್ಲ ಅಕಿ ಮ್ಯಾಲೆ ಬೀಳತೈತಿ. ಆಮ್ಯಾಲೆ ನಾನಽ ನನಗ ಬೈಕೋತೇನಿ. ಆದ್ರ ಮೊದ್ಲ ಬೀಳತೈತಿ."

ರಾಜೇಶ್ವರಿ ಸೆರಗು ಸರಿಮಾಡಿಕೊಂಡಳು.

"ಹಂಗಾರ ಒಲಿ ಬ್ಯಾರೆ ಹೂಡ್ರಿ," ಅಂದಳು. "ಅದಽ ಮನ್ಯಾಗ ಇರ್ತೇನಿ, ನಿಮ್ಮ ಭುಜ ನೂಸಿದ್ರ ಎಣ್ಣಿ ತಿಕ್ತೇನಿ. ನಿಮ್ಮ ಡಬ್ಬಿ ಇರೂ ಅಡಗಿ ಮನ್ಯಾಗ ಮಾತ್ರ ಕಾಲಿಡೂದಿಲ್ಲ." ಬ್ಯಾಗು ತರಲಿಕ್ಕೆ ಒಳಗೆ ಹೋದಳು.

"ಹೂಡತೇನವಾ," ಅಂದಳು ಇಂದುಬಾಯಿ ಆಕೆಯ ಬೆನ್ನಿಗೆ. ಅಳು ಬಂತು, ಬೀಗರ ಎದುರು ಅನ್ನುವುದನ್ನೂ ನೋಡದೆ ಅತ್ತುಬಿಟ್ಟಳು.